ಅಪ್ಪನ ಎರಡು ಗೆರೆ

ಭಾನುವಾರ, ಮಧ್ಯಾಹ್ನ
ಹದಿನೇಳನೇ ತಾರೀಕು

ಮುದ್ದು ಪುಟ್ಟಿ,

ನೀನು ಶನಿವಾರ ಬರುತ್ತೀಯೆಂದು ಗೊತ್ತಾದ ಮೇಲೆ ಈ ಕಾಗದ ಬರೆಯಲೇಬೇಕಾಯಿತು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಊಟ ಆಯ್ತಾ ಅಂದೆ ನೀನು, ಆಯ್ತು ಅಂದೆ ನಾನು, ಅಲ್ಲಿಗೆ ಮಾತು ಮುಗಿಯಿತು. ನೀನು ನೋಡುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ಕಾಲಿನ ಹಚ್ಚೆ ಅಳಿಸಿಹೋಗಿದೆ.

ಪೂರ್ತಿ ಅಲ್ಲ. ಒಂದು ಗೆರೆ ಅರ್ಧ ಉಳಿದಿದೆ, ಇನ್ನೊಂದರ ಜಾಗದಲ್ಲಿ ಬೂದು ಕಲೆ. ನಿಮ್ಮಪ್ಪ ಹೋದ ನಾಲ್ಕನೇ ತಿಂಗಳು ಇಬ್ಬರೂ ಒಟ್ಟಿಗೆ ಕೂತು ಹಾಕಿಸಿಕೊಂಡದ್ದು. ನಿನ್ನದು ಗಟ್ಟಿಯಾಗಿ ನಿಂತಿದೆ. ಅಮ್ಮನಿಗೆ ಇಷ್ಟು ಬೇಗ ಬೇಡವಾಯಿತೇ ಎಂದು ನೀನು ಅಂದುಕೊಂಡುಬಿಟ್ಟರೆ? ಆ ಭಯಕ್ಕೇ ಹಿಂದಿನ ಸಲ ನೀನು ಬಂದಾಗ ಎರಡು ದಿನವೂ ಕಾಲುಚೀಲ ತೆಗೆಯಲಿಲ್ಲ. ಚಳಿ ಅಂದೆ. ಪಾಪ, ನೀನು ಸೆಕೆಯಲ್ಲಿ ಬೇಯುತ್ತಾ ಫ್ಯಾನ್ ಆರಿಸಿದೆ.

ಟ್ಯಾಟೂ ಹಾಕಿದ ಹುಡುಗಿ ಅವತ್ತು ಹೇಳಿದ್ದಳಲ್ಲ, ಮೂರು ವಾರ ಶೂ ಮುಟ್ಟಬೇಡಿ, ಹಕ್ಕಳೆ ತಾನಾಗಿ ಉದುರಲಿ ಎಂದು. ನಾನು ಹತ್ತನೇ ದಿನ ಶೂ ಹಾಕಿಕೊಂಡೆ. ಬೇಕರಿಯಲ್ಲಿ ಬಿಸಿ ತಟ್ಟೆ ಹಿಡಿಯುವವರಿಗೆ ಶೂ ಕಡ್ಡಾಯ ಎಂದು ನೆಪ ಹೇಳಬಹುದು. ಆದರೆ ಯಜಮಾನತಿಯೇ, ಚಪ್ಪಲಿ ಹಾಕ್ಕೊಂಡು ಕೌಂಟರಲ್ಲಿ ಕೂತ್ಕೋ, ಯಾರು ನೋಡ್ತಾರೆ, ಅಂದಿದ್ದರು. ಬೇಡವೆಂದವಳು ನಾನು.

ಅಪ್ಪ ಕೊನೆಯದಾಗಿ ಹೊಲಿದ ಜೊತೆ ಅದು. ಕೈ ಆಗಲೇ ನಡುಗುತ್ತಿತ್ತು. ತಾವೇ ಕೂತು ಲೇಸು ಕಟ್ಟಿ, ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ, ಎಲ್ಲಾದ್ರೂ ಒತ್ತುತ್ತಾ ಅಂತ ಕೇಳಿದರು. ಇಲ್ಲ ಅಂದೆ. ಸುಳ್ಳು ಹೇಳ್ಬೇಡ ಕಣೇ, ನಿನ್ನ ನಡಿಗೆ ನಂಗೆ ಹೇಳುತ್ತೆ, ಅಂದರು. ಬೆಳಿಗ್ಗೆ ಲೇಸು ಎಳೆಯುವಾಗ ಈಗಲೂ ಆ ದನಿ ಕೇಳಿದ ಹಾಗಾಗುತ್ತದೆ ಪುಟ್ಟಿ. ಒಂಬತ್ತು ದಿನ ಅದಿಲ್ಲದೆ ಇದ್ದೆ. ಹತ್ತನೆಯದು ಆಗಲಿಲ್ಲ.

ಇನ್ನೊಂದು ದಡ್ಡತನವೂ ಸೇರಿಕೊಂಡಿತು. ಅಳತೆಗೆಂದು ಕಾಗದದ ಮೇಲೆ ಕಾಲಿಡಿಸಿ ಸುತ್ತ ಪೆನ್ಸಿಲ್ ಎಳೆದಾಗ, ಎಲ್ಲಿ ಸಡಿಲ ಬಿಡಬೇಕೋ ಅಲ್ಲಿ ಅಪ್ಪ ಎರಡು ಬಾಗಿದ ಗೆರೆ ಹಾಕುತ್ತಿದ್ದರು. ನನಗೆ ಯಾವಾಗಲೂ ಬಲಗಾಲಿನ ಕಿರುಬೆರಳ ಪಕ್ಕದ ಗಂಟಿನ ಹತ್ತಿರ. ನಾವು ಹಚ್ಚೆ ಹಾಕಿಸಿಕೊಂಡದ್ದೂ ಅವೇ ಗೆರೆಗಳಲ್ಲವೇ, ಅಪ್ಪನ ಗೆರೆಯ ಜಾಗವನ್ನು ಅಪ್ಪನ ಶೂ ಒತ್ತುವುದಿಲ್ಲ ಎಂದು ನಂಬಿದೆ. ಅಂಚಿನಲ್ಲಿ ಬಣ್ಣ ನಿಲ್ಲಲ್ಲ ಆಂಟಿ ಎಂದು ಆ ಹುಡುಗಿ ಹಚ್ಚೆಯನ್ನು ಪಾದದ ಮೇಲಕ್ಕೆ ಸರಿಸಿದ್ದು ಮರೆತೇಹೋಗಿತ್ತು. ಸರಿಯಾಗಿ ಲೇಸಿನ ಬಿಗಿ ಬೀಳುವ ಕಡೆ! ಹನ್ನೊಂದನೇ ದಿನ ಹಕ್ಕಳೆ ಕಾಲುಚೀಲಕ್ಕೆ ಅಂಟಿಕೊಂಡು ಬಂತು. ದಿನಚರಿಯಲ್ಲಿ ಅಷ್ಟೇ ಬರೆದೆ. ಆ ಕಾಲುಚೀಲ ಒಗೆಯಲು ಮನಸ್ಸು ಬರಲು ನಾಲ್ಕು ದಿನ ಬೇಕಾಯಿತು.

ನಿನ್ನೆ ಒಬ್ಬಳೇ ಆ ಹುಡುಗಿಯ ಹತ್ತಿರ ಹೋದೆ. ನನ್ನ ಕಾಲನ್ನು ದೀಪದ ಕೆಳಗೆ ಹಿಡಿದು, ಬ್ರೆಡ್ಡು ಬೇಯೋಕೆ ಮುಂಚೆ ಒಲೆಯಿಂದ ಎಳೀತೀರಾ ಆಂಟಿ ಅಂದಳು. ಇಲ್ಲಮ್ಮ ಅಂದೆ. ಮತ್ತೆ ಇದೇನು ಮಾಡಿದ್ರಿ ಅಂದಳು. ಬೈಸಿಕೊಂಡೆ. ಆಮೇಲೆ ಅಪ್ಪನ ಅಳತೆ ಕಾಗದ ಬಿಚ್ಚಿ, ಈ ಸಲ ಅವರು ಹಾಕಿದ ಜಾಗದಲ್ಲೇ ಹಾಕು ಅಂದೆ. ಅಲ್ಲಿ ಚರ್ಮ ಬೇಗ ಸವೆಯುತ್ತೆ, ವರ್ಷಕ್ಕೊಂದು ಸಲ ತಿದ್ದಬೇಕಾಗುತ್ತೆ, ಆಮೇಲೆ ನನ್ನ ಬೈಬೇಡಿ, ಅಂದಳು. ವರ್ಷ ವರ್ಷ ಬರ್ತೀನಿ, ನೀನು ಅಂಗಡಿ ಮುಚ್ಚದಿದ್ರೆ ಸಾಕು, ಅಂದೆ. ನಕ್ಕುಬಿಟ್ಟಳು.

ಮುಂದಿನ ಭಾನುವಾರ ಹತ್ತು ಗಂಟೆಗೆ ಬರಹೇಳಿದ್ದಾಳೆ. ನೀನೂ ಜೊತೆಗಿರು. ವಾಪಸ್ಸು ಹೋಗುವಾಗ ಆ ಶೂಗಳನ್ನು ನಿನ್ನ ಚೀಲಕ್ಕೆ ಹಾಕಿಕೊಂಡು ಹೋಗಿಬಿಡು. ಮನೆಯಲ್ಲಿದ್ದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಮೂರು ವಾರ ಕಳೆದ ಮೇಲೆ ತಂದುಕೊಡು. ಅದಕ್ಕೆ ಮುಂಚೆ ಕೇಳಿದರೆ, ಅತ್ತರೂ, ಕೊಡಬೇಡ. ಆಸ್ಪತ್ರೆಯಲ್ಲಿ ರೋಗಿಗಳನ್ನು ಗದರಿಸುವ ಹಾಗೆ ನನ್ನನ್ನೂ ಗದರಿಸು.

ನಿನ್ನ ಹಾದಿ ನೋಡುತ್ತಿರುವ
ಅಮ್ಮ

ತಾ.ಕ.: ಹೋದ ತಿಂಗಳು ನೀನು ಕೇಳಿದೆಯೆಂದು ಕಳಿಸಿದ ಹಚ್ಚೆಯ ಫೋಟೋ, ಅಮ್ಮಂದು ನನ್ನದಕ್ಕಿಂತ ಕಪ್ಪಗಿದೆ ಎಂದು ನಿನ್ನ ವಾರ್ಡಿನವರಿಗೆಲ್ಲ ತೋರಿಸಿದೆಯಂತಲ್ಲ, ಅದರಲ್ಲಿರುವುದು ಬಾಲ್ ಪೆನ್ನಿನ ಗೆರೆ. ನಾಲ್ಕು ಸಲ ಎಳೆದು ಒರೆಸಿದೆ, ಐದನೇ ಸಲಕ್ಕೆ ಅಪ್ಪನದರ ಹಾಗೆ ಬಂತು. ಮೂರು ದಿನ ಆ ಕಾಲಿಗೆ ನೀರೂ ಸೋಕಿಸಲಿಲ್ಲ, ಶೂವನ್ನೂ ಹಾಕಲಿಲ್ಲ.