ಬ್ರೇಸಿಗೆ ಹೊಲಿದ ಹೂವಿನ ಬಟ್ಟೆ

ಸಿಂಚು,

ಡ್ಯೂಟಿಗೆ ಹೊರಟೆ, ನಿನ್ನ ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಮಂಡಿಗೆ ಕಟ್ಟೋ ಬ್ರೇಸು ಬಾಲ್ಕನಿ ಹಗ್ಗದ ಮೇಲಿದೆ. ಬ್ರೇಸಿನ ಪಕ್ಕದ ಕಬ್ಬಿಣದ ಪಟ್ಟಿ ಬೇರೆ ಹುಡುಗೀರಿಗೆ ತಾಗುತ್ತೆ ಅಂತ ಮೊನ್ನೆ ಫುಟ್‌ಬಾಲ್ ಮ್ಯಾಚಲ್ಲಿ ರೆಫರಿ ಸಾರ್ ನಿನ್ನ ಆಚೆ ಕೂರಿಸಿದ್ರಲ್ಲ, ಆ ಕಬ್ಬಿಣದ ಮೇಲೆ ನಿನ್ನ ತೊಟ್ಟಿಲ ಹಾಸಿಗೆಯ ಬಟ್ಟೇನೇ ಹಾಕಿ, ಅದರ ಹತ್ತಿ ತುಂಬಿ ಹೊಲಿದಿದ್ದೀನಿ. ಇನ್ನೂ ಮೋಡದ ಥರ ಮೆತ್ತಗಿದೆ. ಹೂವಿನ ಬಟ್ಟೆ ಅಂತ ಮುಖ ಊದಿಸ್ಕೋಬೇಡ. ಜಯನಗರ ಗ್ರೌಂಡಿಗೆ ಹೋದ ತಕ್ಷಣ ಸಾರ್‌ಗೆ ತೋರಿಸು. "ಈಗ ನೋವಿಲ್ಲಮ್ಮ" ಅಂತ ಬ್ಯಾಗಲ್ಲಿಟ್ಟು ಆಡಿದ್ರೆ ನನಗೆ ಗೊತ್ತಾಗುತ್ತೆ.

ಡಬ್ಬೀಲಿ ಚಿತ್ರಾನ್ನ ಇದೆ.

ಬೆಳಗ್ಗೆ ನೀನು ನಿದ್ದೇಲೇ ಬಾಲ್ ಒದೀತಿದ್ದೆ. ಕಿಟಕಿ ಬೆಳಕಲ್ಲಿ ಹೊದಿಕೆ ಅಲೆ ಅಲೆಯಾಗಿ ಏಳ್ತಿತ್ತು, ನಾನು ಚಪ್ಪಲಿ ಹಿಡ್ಕೊಂಡು ನೋಡ್ತಾನೇ ನಿಂತಿದ್ದೆ. ಕನಸಲ್ಲಿ ಬ್ರೇಸ್ ಇಲ್ಲದೇ ಆಡು, ನಾನೇನೂ ಬೈಯಲ್ಲ.

ಅಮ್ಮ