ಸ್ಪಿರೊನ ಮಗ

ಫೆಬ್ರವರಿ 6, 2017. ಸೋಮವಾರ

ಬಲಮಂಡಿಗೆ ಐಸು, ಇಪ್ಪತ್ತು ನಿಮಿಷ. ನಿನ್ನೆ ತೊಂಬತ್ತು ನಿಮಿಷವೂ ಆಡಿದೆ. ಅದರಲ್ಲಿ ಅರವತ್ತು ನಿಂತುಕೊಂಡೇ ಆಡಿದ್ದು. ಎದುರು ತಂಡದವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿ ಸುಮ್ಮನಿದ್ದರು. ಮೂವತ್ತೇಳನೇ ವಯಸ್ಸಿನಲ್ಲಿ ಡಿಫೆಂಡರ್ ಆಟವೆಂದರೆ ಹೆಚ್ಚಿನಂಶ ಕೈ ತೋರಿಸುವುದು. ನೀನು ಅಲ್ಲಿಗೆ ಹೋಗು, ನೀನು ಹಿಂದೆ ಬಾ.

ಬೆಳಿಗ್ಗೆ ಮೆಟ್ಟಿಲು ಇಳಿದದ್ದು ಅಡ್ಡಡ್ಡ, ಏಡಿಯ ಹಾಗೆ. ಮೂರು ಮಹಡಿ. ಕೆಳಗಿನ ಮನೆಯವಳು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡಳು.

ನಮ್ಮ ಊರು ಕುಚೊವಾದಲ್ಲಿ ಎಣ್ಣೆಬಾವಿಯ ವಾಸನೆ ಎಂದು ಹೊರಗಿನವರು ಹೇಳುತ್ತಾರೆ. ನನಗೆ ಬರುವುದಿಲ್ಲ. ಗ್ರೀಸಿನಿಂದ ವಾಪಸು ಬಂದ ಮೊದಲ ವಾರ ಬರುತ್ತಿತ್ತು.

ಫೆಬ್ರವರಿ 9

ಕ್ಲಬ್ಬಿನ ಅಧ್ಯಕ್ಷ ಕಾಫಿಗೆ ಕರೆದ. ಅವನು ಕಾಫಿಗೆ ಕರೆದರೆ ಸುದ್ದಿ ಇರುತ್ತದೆ, ಕಾಫಿ ಮುಗಿಯುವವರೆಗೆ ಹೇಳುವುದಿಲ್ಲ.

"ಇನ್ನೊಂದು ವರ್ಷ ಆಡ್ತೀಯಾ, ಫತೋಸ್?"

"ಮಂಡಿ ಕೇಳಿ ಹೇಳ್ತೀನಿ."

"ನಾನೇ ಕೇಳಿದೆ. ಬೇಡ ಅಂತು."

ಆಗಸ್ಟಿನಿಂದ ಕಿರಿಯರ ತಂಡ ನೋಡಿಕೊಳ್ಳಬೇಕಂತೆ. ಕೋಚ್ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವನನ್ನು ಬೆಂಚಿನಲ್ಲಿ ಕೂರಿಸಿದರೆ ಕ್ಲಬ್ಬಿಗೆ ದಂಡ. ಮಾಮೂಲಿ ದಾರಿ ಮೂರು ವರ್ಷ. ಹಳೆಯ ಆಟಗಾರರಿಗೆ ರಾಜಧಾನಿ ತಿರಾನಾದಲ್ಲಿ ಐದು ವಾರದ ಕೋರ್ಸು, ಜೂನ್‌ನಲ್ಲಿ. ಮೇಲಿನ ದರ್ಜೆಗಳಲ್ಲಿ ಎಂಟು ಸೀಸನ್ ಆಡಿದ ದಾಖಲೆ ಕೊಡಬೇಕು. ಕೊನೆಯ ದಿನ ಏಪ್ರಿಲ್ 28.

ಮನೆಗೆ ಬಂದು ಎಣಿಸಿದೆ. ಎಲ್ಬಸಾನ್ ಕ್ಲಬ್ಬಿನಲ್ಲಿ ಮೂರು, ವ್ಲೋರಾದಲ್ಲಿ ಎರಡು. ಐದು. ಈ ಊರಿನ ವರ್ಷಗಳು ಕೆಳದರ್ಜೆಯವು, ಲೆಕ್ಕಕ್ಕಿಲ್ಲ. ಉಳಿದ ಆರು ಗ್ರೀಸಿನಲ್ಲಿ, ಅಲ್ಲಿನ ಮೂರನೇ ದರ್ಜೆಯೂ ಲೆಕ್ಕಕ್ಕೆ ಬರುತ್ತದೆ. ಅವು ನನ್ನವಲ್ಲ. ಪೆತ್ರೊನವು.

ಫೆಬ್ರವರಿ 10

ಬರೆದಿಡುವುದು ಒಳ್ಳೆಯದು. ತಿರಾನಾದಲ್ಲಿ ಹೇಗೂ ಹೇಳಬೇಕಾಗುತ್ತದೆ.

1998, ಹದಿನೆಂಟು ತುಂಬಿರಲಿಲ್ಲ. ಕಾಗದಗಳಿಲ್ಲದೆ ಗುಡ್ಡ ದಾಟಿ ಗ್ರೀಸಿಗೆ ಹೋದೆ, ಎಲ್ಲರೂ ಹೋದ ಹಾಗೆ. ವೆರಿಯಾ ಹತ್ತಿರ ಪೀಚ್ ತೋಟದಲ್ಲಿ ಕೆಲಸ. ನಮ್ಮ ಗುಂಪಿನಲ್ಲಿ ಆರು ಜನ ಅಲ್ಬೇನಿಯದವರು, ತಿಂಗಳೊಳಗೆ ಮೂವರು ಯಾನ್ನಿ ಆಗಿದ್ದರು. ಗ್ರೀಕ್ ಹೆಸರಿದ್ದರೆ ಕೆಲಸ ಸಿಗುತ್ತಿತ್ತು, ಪೊಲೀಸರು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಸಂಜೆ ಡಬ್ಬಿ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಆಡುತ್ತಿದ್ದೆವು. ಕಾರ್ಖಾನೆಯ ಮಾಲೀಕ ಲೆಫ್ಟೆರಿಸ್. ಊರಿನ ಕ್ಲಬ್ಬೂ ಅವನದೇ, ಮೂರನೇ ದರ್ಜೆ. ಹೊರದೇಶದವರ ಜಾಗ ಭರ್ತಿ. ಹಾಗಾಗಿ ನಾನು ಹೊರದೇಶದವನಾಗುವಂತಿರಲಿಲ್ಲ. ಅವನೇ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋಗಿ ನೀರಿನಲ್ಲಿ ಮುಳುಗಿಸಿ ಪೆತ್ರೊ ಎಂದು ಹೆಸರಿಟ್ಟ, ಧರ್ಮತಂದೆಯಾದ. ಹುಟ್ಟೂರು ಎಂದು ಬರೆಸಿದ್ದು ಗಡಿಯ ಈಚೆ ಗ್ರೀಕ್ ಮಾತಾಡುವವರ ಒಂದು ಹಳ್ಳಿ, ಅಲ್ಲಿಯವರನ್ನು ಗ್ರೀಕರೆಂದೇ ಎಣಿಸುತ್ತಿದ್ದರು. ಇವತ್ತಿಗೂ ಆ ಹಳ್ಳಿ ನೋಡಿಲ್ಲ.

ಅಲ್ಲಿಯವರೆಗೆ ಸರಿ. ಎಲ್ಲರೂ ಮಾಡಿದ್ದು.

ಆಮೇಲೆ ಕ್ಲಬ್ಬಿನ ಗುಮಾಸ್ತ ತಂದೆಯ ಹೆಸರು ಕೇಳಿದ. ಅಪ್ಪನ ಹೆಸರು ಝೆನೆಲ್, ಮುಸ್ಲಿಂ ಹೆಸರು; ಅದನ್ನು ಹೇಳಿದರೆ ಪೆತ್ರೊ ಸುಳ್ಳಾಗುತ್ತಾನೆ. ಗೋಡೆಯ ಮೇಲೆ ಸಂತ ಸ್ಪಿರೊನ ಪಟ ಇತ್ತು. ಸ್ಪಿರೊ, ಎಂದೆ. ಎರಡು ಸೆಕೆಂಡೂ ಆಗಿರಲಿಕ್ಕಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಮನೆಗೆ ಬಂದಾಗ ಆಟಗಾರನ ಕಾರ್ಡನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟೆ. ಅಕ್ಕ ಲಿರಿ ಗಟ್ಟಿಯಾಗಿ ಓದಿದಳು. ಪೆತ್ರೊ, ತಂದೆ ಸ್ಪಿರೊ. ಅಪ್ಪ ಎದ್ದು ಬಾಲ್ಕನಿಗೆ ಹೋಗಿ ಟೊಮೆಟೊ ಗಿಡಗಳಿಗೆ ನೀರು ಹಾಕಿದ. ಆವತ್ತು ಬೆಳಿಗ್ಗೆಯೇ ಹಾಕಿದ್ದ.

ಆ ಮೇಲೆ ಆ ಮಾತು ಮನೆಯಲ್ಲಿ ಬಂದಿಲ್ಲ.

ಫೆಬ್ರವರಿ 21

ತಿರಾನಾ. ಫುಟ್‌ಬಾಲ್ ಒಕ್ಕೂಟದ ಕಚೇರಿ. ಗುಮಾಸ್ತೆ ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಮುಖ ಒಂದೇ ಇದೆಯಲ್ಲ," ಎಂದೆ.

"ಮುಖದ ಮೇಲೆ ಸೀಲಿಲ್ಲ ಅಣ್ಣ. ಹೆಸರು ಬೇರೆ, ಊರು ಬೇರೆ. ಅದೂ ಹೋಗ್ಲಿ, ಅಪ್ಪನೇ ಬೇರೆ."

ಗ್ರೀಸಿನಿಂದ ಪೆತ್ರೊ ಆಡಿದ ಸೀಸನ್‌ಗಳ ಪತ್ರವನ್ನು ಅವರೇ ತರಿಸುತ್ತಾರೆ. ನಾನು ಕೊಡಬೇಕಾದದ್ದು ನೋಟರಿ ಮುಂದೆ ಮಾಡಿದ ಹೇಳಿಕೆ. ಪೆತ್ರೊ ಎಂಬವನು ನನ್ನ ಮಗ ಎಂದು ತಂದೆ ಹೇಳಬೇಕು. ಆ ಹೆಸರಿನಲ್ಲಿ ಆಡಿದ್ದನ್ನು ಕಣ್ಣಾರೆ ಕಂಡವರೊಬ್ಬರು ಸಾಕ್ಷಿ ಹೇಳಬೇಕು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ.

"ಮೂರು ವರ್ಷದ ಕೋರ್ಸಿದೆ. ಅದಕ್ಕೆ ಅಪ್ಪ ಬೇಡ."

ಮಾರ್ಚ್ 2

ಅಪ್ಪ ಲಿರಿಯ ಮನೆಯಲ್ಲಿರುತ್ತಾನೆ, ಬೀದಿಯ ಆಚೆ. ಹಗಲೆಲ್ಲ ನಿವೃತ್ತರ ಕ್ಲಬ್ಬಿನಲ್ಲಿ ಡಾಮಿನೊ. ಅಲ್ಲಿಗೇ ಹೋದೆ. ತಪ್ಪು ಜಾಗ. ಎದುರಿಗೆ ರ್‍ರಾಪೊ ಕೂತಿದ್ದ, ಮೂವತ್ತು ವರ್ಷ ಅಪ್ಪನ ಜೊತೆ ಎಣ್ಣೆಬಾವಿಯಲ್ಲಿ ದುಡಿದವನು.

"ಝೆನೆಲ್, ನಿನ್ನ ಗ್ರೀಕ್ ಬಂದ ನೋಡು."

ಅಪ್ಪ ತಲೆ ಎತ್ತಲಿಲ್ಲ. ವಿಷಯ ಹೇಳಿದೆ. ಚಿಕ್ಕದಾಗಿ ಹೇಳಿದೆ, ಬೇರೆ ಯಾರದೋ ಕೆಲಸದ ಹಾಗೆ. ಕೋರ್ಸು, ತಾರೀಖು, ಒಂದು ಸಹಿ.

"ಯಾರ ಸಹಿ?"

"ತಂದೆಯದು."

"ಹಾಗಾದ್ರೆ ಸ್ಪಿರೊನ ಕರ್ಕೊಂಡು ಹೋಗು. ನನ್ನ ಹತ್ರ ಯಾಕೆ ಬಂದೆ?"

ರ್‍ರಾಪೊ ನಗಲು ಶುರು ಮಾಡಿ ನಿಲ್ಲಿಸಿದ. ಅಪ್ಪ ಕೈಯಲ್ಲಿದ್ದ ಕಾಯಿ ಇಟ್ಟ. ಡಬಲ್ ಐದು.

ಮಾರ್ಚ್ 14

ಬೇಸಿಗೆಯ ಹಬ್ಬ. ಲಿರಿ ಬಲ್ಲೊಕುಮೆ ಮಾಡಿದ್ದಳು. ಬಿಸ್ಕತ್ತಿಗಿಂತ ದಪ್ಪ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಅಪ್ಪ ನಾಲ್ಕು ತಿಂದ. ನಾನು ಆ ಮಾತು ಎತ್ತಲಿಲ್ಲ. ಲಿರಿ ಎತ್ತಿದಳು.

"ಅಪ್ಪ, ನೋಟರಿ ಆಫೀಸು ಬೆರಾತ್‌ನಲ್ಲಿ. ಅರ್ಧ ಗಂಟೆ ಬಸ್ಸು. ಹೋಗಿ ಬಂದ್ರೆ ಏನು?"

"ನಂಗೆ ಬಸ್ಸು ಆಗಲ್ಲ."

ಅಡುಗೆಮನೆಯಲ್ಲಿ ನನಗೆ ಹೇಳಿದಳು: "ಬಸ್ಸಿಂದು ನಿಜ ಕಣೋ. ಅವನು ಈ ಸೀಮೆ ದಾಟಿದ್ದೇ ಒಂದ್ಸಲ. ಕೊರ್ಚಾಕ್ಕೆ, ಯಾರೋ ಜೊತೆಯವನು ತೀರ್ಕೊಂಡಾಗ. ಮೂರು ದಿನ ಸಾವಿನ ಮನೇಲಿದ್ದು ಬಂದ. ಬಂದವನು ಒಂದು ವಾರ ಬಾಯಿ ಬಿಡಲಿಲ್ಲ. ಅಮ್ಮ ಇದ್ಲು ಆಗ, ನೀನು ಗ್ರೀಸಲ್ಲಿದ್ದೆ."

ಮಾರ್ಚ್ 20

ಲೆಫ್ಟೆರಿಸ್‌ಗೆ ಫೋನ್ ಮಾಡಿದೆ. ಒಂಬತ್ತು ವರ್ಷಗಳ ಮೇಲೆ. ದನಿ ಸಣ್ಣದಾಗಿದೆ.

"ಪೆತ್ರೊ! ಬದುಕಿದ್ದೀಯಾ? ನಾನು ಸತ್ತೆ ಅಂತ ಕೇಳಿ ಫೋನ್ ಮಾಡಿದ್ಯಾ?"

ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ, ಮನೆ ಬಿಟ್ಟರೆ ಎಲ್ಲಿಗೂ ಹೋಗುವಂತಿಲ್ಲ. ಸಾಕ್ಷಿ ಹೇಳಲು ಬರಲಾರ. ಕ್ಲಬ್ ಮುಚ್ಚಿ ಆರು ವರ್ಷವಾಯಿತಂತೆ. ಪಂದ್ಯಗಳ ಹಾಳೆಗಳು ಕಾರ್ಖಾನೆಯಲ್ಲಿ ಎಲ್ಲೋ ಇವೆ, ಹುಡುಕಿಸಿ ಕಳಿಸುತ್ತೇನೆ ಎಂದ. ಅವನು ಹೇಳಿದ ಕೆಲಸ ಮಾಡುತ್ತಾನೆ, ಯಾವಾಗ ಎಂದು ಮಾತ್ರ ಕೇಳಬಾರದು.

"ನಿಮ್ಮಪ್ಪ ಹೇಗಿದಾನೆ?"

ಚೆನ್ನಾಗಿದ್ದಾನೆ ಎಂದೆ. ಯಾವ ಅಪ್ಪ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಏಪ್ರಿಲ್ 19

ಒಂದು ತಿಂಗಳು ಬರೆದಿಲ್ಲ. ಮಂಡಿಯಿಂದ ಎರಡು ಸಲ ನೀರು ತೆಗೆಸಿದೆ. ನಾಲ್ಕು ಪಂದ್ಯ ಹೊರಗೆ. ಅಧ್ಯಕ್ಷ ದಿನಾ ಒಂದೇ ಮಾತು ಕೇಳುತ್ತಾನೆ: "ಕಾಗದ?" ನನ್ನದೂ ದಿನಾ ಒಂದೇ ಉತ್ತರ: ಇನ್ನೂ ಇಲ್ಲ. ಕಿರಿಯರ ತಂಡಕ್ಕೆ ಇನ್ನೊಬ್ಬನ ಹೆಸರು ಓಡಾಡುತ್ತಿದೆ. ಮೂವತ್ತೇಳು ವರ್ಷ. ಚೆಂಡು ಬಿಟ್ಟರೆ ಪೀಚ್ ಕೀಳುವುದು ಗೊತ್ತು.

ಇವತ್ತು ಅಪ್ಪ ಬಂದ, ಲಿರಿ ಕೊಟ್ಟ ಚೀಸ್ ತುಂಬಿದ ಬೈರೆಕ್ ಹಿಡಿದುಕೊಂಡು, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ. ಕೂತ. ಒಂದು ಲೋಟ ರಾಕಿ, ದ್ರಾಕ್ಷಿ ಸಾರಾಯಿ, ಕುಡಿದ. ಹವಾಮಾನದ ಮಾತಾಡಿದೆವು. ಹೊರಟಾಗ ಬಿಟ್ಟು ಬರಲು ಜೊತೆಗೆ ಇಳಿದೆ. ಅವನು ಎಪ್ಪತ್ತೊಂದರಲ್ಲಿ ನೆಟ್ಟಗೆ ಇಳಿದ. ನಾನು ಕಂಬಿ ಹಿಡಿದು ಅಡ್ಡಡ್ಡ. ಎರಡನೇ ಮಹಡಿಯ ತಿರುವಿನಲ್ಲಿ ಅವನು ನಿಂತು ಕಾದ. ಮೊದಲನೇ ಮಹಡಿಯಲ್ಲೂ ಕಾದ.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ."

ಬೀದಿಗೆ ಬಂದ ಮೇಲೆ, ನನ್ನ ಕಡೆ ನೋಡದೆ: "ಸೋಮವಾರ ಬರ್ತೀನಿ. ಆ ಹೆಸರು ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡ."

ಏಪ್ರಿಲ್ 24. ಸೋಮವಾರ

ಬೆರಾತ್. ಅಪ್ಪ ಮದುವೆಗೆ ಹಾಕುವ ಕೋಟು ಹಾಕಿದ್ದ. ಬಸ್ಸಿನಲ್ಲಿ ಅವನಿಗೆ ಏನೂ ಆಗಲಿಲ್ಲ.

ನೋಟರಿ ನಲವತ್ತರ ಹೆಂಗಸು, ಎಲ್ವಿರಾ. ಹೇಳಿಕೆಯನ್ನು ಅವಳೇ ಗಟ್ಟಿಯಾಗಿ ಓದಿದಳು. ಸ್ಪಿರೊ ಎಂದು ಮೂರು ಕಡೆ ಬಂತು. ಮೂರು ಸಲವೂ ಅಪ್ಪ "ಹೂಂ" ಎಂದ, ಡಾಕ್ಟರು ಒತ್ತಿ ನೋಡುವಾಗ ಅನ್ನುವ ಹಾಗೆ.

"ಇಲ್ಲಿ ಕಣ್ಣಾರೆ ಕಂಡವರ ಜಾಗ ಖಾಲಿ ಇದೆ," ಎಂದಳು.

ಸಾಕ್ಷಿ ಸಿಗಲಿಲ್ಲ, ಹಾಗೇ ಕಳಿಸಿ ನೋಡುತ್ತೇವೆ ಎಂದೆ.

"ನನ್ನ ಹೆಸರು ಹಾಕಿ," ಎಂದ ಅಪ್ಪ.

ನಾನು ಅವನ ಕಡೆ ತಿರುಗಿದೆ. ಅವನು ತಿರುಗಲಿಲ್ಲ.

"ನೀವು ಗ್ರೀಸಿಗೆ ಹೋಗಿದ್ರಾ ಚಾಚಾ? ಸುಳ್ಳು ಹೇಳಿಕೆ ಕೊಟ್ರೆ ಕೇಸಾಗುತ್ತೆ, ಮೊದಲೇ ಹೇಳಿರ್ತೀನಿ."

"ಹೋಗಿದ್ದೆ. ಎರಡು ಸಾವಿರದ ಒಂದು. ಮಾರ್ಚ್ ಹನ್ನೊಂದು, ಭಾನುವಾರ."

"ಹೇಗೆ ಹೋದ್ರಿ?"

"ಎಲ್ಲರೂ ಹೋದ ಹಾಗೆ."

ಅದನ್ನು ಅವಳು ಬರೆದುಕೊಳ್ಳಲಿಲ್ಲ. ಏನು ಕಂಡಿರಿ ಎಂದು ಕೇಳಿದಳು.

"ಬೆನ್ನ ಮೇಲೆ ಮೂರು ಅಂತ ಇತ್ತು. ಎಡಗಡೆ ಆಡ್ತಿದ್ದ. ಎದುರು ತಂಡದ ಏಳನೇ ನಂಬರಿನವನು ಇವನನ್ನ ಕೋಳಿ ಅಟ್ಟಿದ ಹಾಗೆ ಅಟ್ಟಿದ. ವಿರಾಮ ಆದ್ಮೇಲೆ ಸ್ವಲ್ಪ ಹೊತ್ತಿಗೆ ತೆಗೆದು ಹೊರಗೆ ಕೂರಿಸಿದ್ರು."

ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನನ್ನು ಅಪ್ಪನ ಕಡೆ ಸರಿಸಿದೆ. ಅಪ್ಪ ಸಹಿ ಹಾಕಿದ, ಅಕ್ಷರ ಅಕ್ಷರವಾಗಿ. ಝೆನೆಲ್.

ಏಪ್ರಿಲ್ 25

ಸುಳ್ಳು. ನನ್ನ ನಂಬರ್ ಆರು. ಆರು ವರ್ಷವೂ ಆರು, ನಟ್ಟನಡುವೆ. ಎಡಗಡೆ ಆಡಿದವನೇ ಅಲ್ಲ. ಪೆತ್ರೊನನ್ನು ಅರ್ಧಕ್ಕೆ ತೆಗೆದದ್ದೂ ಇಲ್ಲ— ಈ ಮಾತನ್ನು ಎಷ್ಟು ಕಡೆ ಹೇಳಿಕೊಂಡಿದ್ದೇನೋ. ಕೊರ್ಚಾದಿಂದಾಚೆ ಹೋಗದ ಮುದುಕ ಸರ್ಕಾರಿ ಕಾಗದದ ಮೇಲೆ ಕಥೆ ಕಟ್ಟಿದ. ಕಟ್ಟುವವನು ನನ್ನನ್ನು ಚೆನ್ನಾಗಿ ಆಡಿಸಬಹುದಿತ್ತು. ಅದನ್ನೂ ಮಾಡಲಿಲ್ಲ.

ತಂದೆಯ ಸುಳ್ಳು ಹೆಸರು ಬರೆಸಿದ್ದು ನಾನು. ಅದನ್ನು ಅಳಿಸಲು ಅವನು ಸುಳ್ಳು ಹೇಳಬೇಕಾಯಿತು. ಕೇಸಾದರೆ ಅವನ ಮೇಲೆ.

ನಿನ್ನೆ ವಾಪಸು ಬರುವಾಗ ಬಸ್ಸಿನಲ್ಲಿ "ಅಪ್ಪ, ಅದು—" ಎಂದೆ. "ಕಿಟಕಿ ಮುಚ್ಚು, ಧೂಳು," ಎಂದ.

ಏಪ್ರಿಲ್ 28

ಕಾಗದ ಕೊಟ್ಟು ಬಂದೆ. ಗುಮಾಸ್ತೆ ಸಾಕ್ಷಿಯ ಭಾಗವನ್ನು ಎರಡು ಸಲ ಓದಿದಳು. "ಕೋಳಿ ಅಂತಾನೂ ಬರೆದಿದಾರೆ," ಎಂದಳು. ಸೀಲು ಹಾಕಿದಳು.

ಮೇ 13

ಕೊನೆಯ ಪಂದ್ಯ. ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಬಂದೆ, ನಾನೇ ಕೇಳಿಕೊಂಡು. ಚಪ್ಪಾಳೆ, ಒಂದು ಗಡಿಯಾರ, ಅಧ್ಯಕ್ಷನ ಭಾಷಣ. ಜೂನ್ ಕೋರ್ಸಿಗೆ ಹೆಸರು ಬಂದಿದೆ. ಅಪ್ಪ ಬರಲಿಲ್ಲ. ಅವನು ಆಟಕ್ಕೆ ಬರುವುದಿಲ್ಲ, ಯಾವತ್ತೂ ಬಂದಿಲ್ಲ. ಹಾಗೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೇ 19. ಮಧ್ಯಾಹ್ನ

ಗ್ರೀಸಿನಿಂದ ಪೆಟ್ಟಿಗೆ ಬಂತು. ಪೀಚ್ ಡಬ್ಬಿಗಳ ಪೆಟ್ಟಿಗೆ, ಒಳಗೆ ಪಂದ್ಯದ ಹಾಳೆಗಳು. ಮೇಲೆ ಒಂದು ಚೀಟಿ: ನನ್ನ ಪೆತ್ರೊನಿಗೆ, ಎಲ್ಲಾ ಇವೆ, ಎರಡನ್ನು ಮಾತ್ರ ಇಲಿ ತಿಂದಿದೆ.

ನೋಡಬಾರದು ಅಂದುಕೊಂಡೆ. ನೋಡಿದೆ. ಆರು, ಆರು, ಆರು. 2001ರ ಕಟ್ಟು ಬೇರೆ ಕಟ್ಟಿತ್ತು.

ಮಾರ್ಚ್ 11, ಭಾನುವಾರ. ಎಡಗಡೆಯವನಿಗೆ ಹಿಂದಿನ ವಾರದ ಕೆಂಪು ಕಾರ್ಡು. ಅವನ ಜಾಗದಲ್ಲಿ ಪೆತ್ರೊ. ನಂಬರ್ 3. ಐವತ್ತೆರಡನೇ ನಿಮಿಷಕ್ಕೆ ಹೊರಗೆ.

ಸಾವಿನ ಮನೆಯ ಆ ಮೂರು ದಿನ. ಕೊರ್ಚಾದಿಂದ ಗಡಿ ಮುಕ್ಕಾಲು ಗಂಟೆ. ಆಮೇಲೆ ಗುಡ್ಡ. ಆಗ ಅವನಿಗೆ ಐವತ್ತೈದು.

ಈಗ ಜ್ಞಾಪಕ ಬರುತ್ತಿದೆ, ಆ ಏಳನೇ ನಂಬರಿನವನ ಬೂಟು ಬಿಳಿ. ಹದಿನಾರು ವರ್ಷ ಎಲ್ಲಿಟ್ಟಿದ್ದೆನೋ.

ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಡಾಮಿನೊ ಕಾಯಿಗಳ ಸದ್ದು.

"ಅಪ್ಪ, ಎಲ್ಲಿ ಕೂತಿದ್ದೆ ಆವತ್ತು?"

ಯಾವತ್ತು ಎಂದು ಅವನು ಕೇಳಲಿಲ್ಲ.

"ಕೂತಿರ್ಲಿಲ್ಲ. ಬೇಲಿ ಹತ್ರ ನಿಂತಿದ್ದೆ. ನೀನು ಬೆಂಚಲ್ಲಿ ಬೂಟು ಬಿಚ್ತಿದ್ದೆ. ಹತ್ತು ಮಾರು ದೂರ."

"ಕರೀಬಹುದಿತ್ತಲ್ಲ."

ರ್‍ರಾಪೊನ ದನಿ ಕೇಳಿಸಿತು: "ಆಡಪ್ಪಾ, ಎಷ್ಟು ಹೊತ್ತು."

"ಎಲ್ಲರೂ ಪೆತ್ರೊ ಪೆತ್ರೊ ಅಂತ ಕೂಗ್ತಿದ್ರು," ಎಂದ ಅಪ್ಪ. "ನಾನು ಏನಂತ ಕರೀಲಿ?"

ಇಬ್ಬರೂ ಫೋನ್ ಇಡಲಿಲ್ಲ. ಕಾಯಿ ಇಟ್ಟ ಸದ್ದು ಬಂತು.