ಕಾಮಾಲೆ ಬಾರದ ವಿದ್ಯಾರ್ಥಿಯ ಅರ್ಜಿ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕುಲಸಚಿವರಿಗೆ,

ಮಾನ್ಯರೇ, ಬರುವ ಸೋಮವಾರ ಎಂ.ಎ. ಅರ್ಥಶಾಸ್ತ್ರದ ಎರಡನೇ ಸೆಮಿಸ್ಟರ್ ಪರೀಕ್ಷೆ. ನನಗೆ ಹಾಲ್ ಟಿಕೆಟ್ ಇಲ್ಲ. ಹಾಜರಿ ನೂರಕ್ಕೆ ಎಪ್ಪತ್ತೈದು ಇಲ್ಲದವರೆಂದು ಹೊಸಪೇಟೆಯ ನಮ್ಮ ಸ್ನಾತಕೋತ್ತರ ಕೇಂದ್ರದ ಫಲಕದಲ್ಲಿ ಹದಿನಾಲ್ಕು ಹೆಸರು ಅಂಟಿಸಿದರು. ನನ್ನದು ಅರವತ್ತೆಂಟು. ಒಂದೇ ವಾರದಲ್ಲಿ ಹದಿಮೂರು ಮಂದಿಗೆ ಹಾಲ್ ಟಿಕೆಟ್ ಬಂತು. ಆ ಹದಿಮೂರೂ ಮಂದಿಗೆ ಕಾಮಾಲೆಯಾಗಿತ್ತಂತೆ. ಒಂದೇ ತರಗತಿಯಲ್ಲಿ ಇಷ್ಟು ಜನ ಹಾಸಿಗೆ ಹಿಡಿದರೆ ಆರೋಗ್ಯ ಇಲಾಖೆಯವರನ್ನು ಕರೆಸಿ ನೀರಿನ ಟ್ಯಾಂಕ್ ನೋಡಿಸಬೇಕಿತ್ತಲ್ಲವೇ? ತಾವು ರುಜು ಹಾಕಿ ಕಳಿಸಿದಿರಿ. ಗಟ್ಟಿಮುಟ್ಟಾಗಿ ಉಳಿದವನು ನಾನೊಬ್ಬನೇ, ಶಿಕ್ಷೆಯೂ ನನಗೊಬ್ಬನಿಗೇ.

ನಾನು ಸಂಡೂರು ತಾಲ್ಲೂಕಿನ ಬಂಡ್ರಿಯವನು. ಬಿ.ಎ. ಓದುವಾಗ ಓದುವುದೊಂದೇ ನನ್ನ ಕೆಲಸ. ಅಪ್ಪ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದ. ನಾನು ಎಂ.ಎ.ಗೆ ಸೇರಿ ತಿಂಗಳಾಗುವಷ್ಟರಲ್ಲಿ ಅವನ ಉಸಿರು ಕೈಕೊಟ್ಟಿತು. ಈಗ ನಾಲ್ಕು ಹೆಜ್ಜೆ ನಡೆದರೆ ಕುಳಿತುಬಿಡುತ್ತಾನೆ. ಮನೆ ನಡೆಯಬೇಕಲ್ಲ, ಯಶವಂತನಗರದ ಹತ್ತಿರ ಗುತ್ತಿಗೆದಾರರೊಬ್ಬರ ಕಾಟಾದಲ್ಲಿ ರಾತ್ರಿ ಪಾಳಿಗೆ ಸೇರಿಕೊಂಡೆ. ಅದಿರು ತುಂಬಿದ ಲಾರಿ ಕಾಟಾದ ಮೇಲೆ ಬಂದು ನಿಂತಾಗ ತೂಕ ನೋಡಿ, ಚೀಟಿ ಬರೆದು, ರಸ್ತೆಗೆ ಬಿಡುವುದು ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ಪಾಳಿ ಬಿಟ್ಟು ಮುಖ ತೊಳೆದು ಬಸ್ಸು ಹತ್ತಿದರೆ ಹತ್ತಕ್ಕೆ ಹೊಸಪೇಟೆಯಲ್ಲಿ ತರಗತಿ. ಅಷ್ಟು ದೂರಕ್ಕೆ ಅಷ್ಟು ಹೊತ್ತು ಸಾಲದೇ ಎಂದು ತಾವು ಕೇಳಬಹುದು. ತಮ್ಮ ಕಾರು ಈಚೆಗೆ ಈ ಕಡೆ ಬಂದಿಲ್ಲವೆಂದು ಕಾಣುತ್ತದೆ. ಮುಂದೆ ಲಾರಿ, ಹಿಂದೆ ಲಾರಿ. ಒಂದರ ಆಕ್ಸಲ್ ಮುರಿದರೆ ಊಟದ ಹೊತ್ತಿನವರೆಗೂ ಯಾರೂ ಕದಲುವಂತಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಆ ಲಾರಿಗಳ ನಂಬರುಗಳೆಲ್ಲ ನನಗೆ ಬಾಯಿಪಾಠ, ಏಕೆಂದರೆ ಚೀಟಿ ಬರೆದು ಅವನ್ನು ರಸ್ತೆಗೆ ಬಿಟ್ಟವನು ನಾನೇ. ರಾತ್ರಿಯಿಡೀ ನನ್ನ ದಾರಿಯನ್ನು ನಾನೇ ಮುಚ್ಚಿ ಬೆಳಿಗ್ಗೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಹತ್ತೂಕಾಲು ಗಂಟೆಗೆ ಓಡಿಬಂದರೂ ಆ ತರಗತಿಗೆ ಗೈರು. ಆದರೂ ಮಧ್ಯಾಹ್ನದ ಒಂದು ತರಗತಿಯನ್ನೂ ನಾನು ತಪ್ಪಿಸಿದವನಲ್ಲ, ಹಾಜರಿ ಪುಸ್ತಕ ತರಿಸಿ ನೋಡಿ.

ಕೇಂದ್ರದ ಗುಮಾಸ್ತರಾದ ಹಂಪಯ್ಯನವರು ಒಳ್ಳೆಯವರು. ಪಟ್ಟಿ ಅಂಟಿಸಿದ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ಭಾಳ ತಲಿ ಕೆಡಿಸ್ಕೋಬ್ಯಾಡ. ಡಾಕ್ಟರ ಕಡಿಂದ ಒಂದು ಸರ್ಟಿಫಿಕೇಟ್ ತಗೊಂಡು ಬಾ. ಕಾಮಾಲಿ ಅಂತ ಬರೆಸು, ಎಲ್ಲಾರೂ ಹಂಗ ಮಾಡ್ಯಾರ."

"ನನಗ ಕಾಮಾಲಿ ಆಗಿಲ್ಲಲ್ರಿ ಸರ. ಕೆಲಸಕ್ಕ ಹೋಗ್ತಿದ್ದೆ."

"ಅದನ್ನ ಮಾತ್ರ ಬರೀಬ್ಯಾಡ. ಅದಕ್ಕ ನಮ್ಮಲ್ಲಿ ಕಾಲಂ ಇಲ್ಲ."

ನಾನು ಅದನ್ನೇ ಬರೆದೆ. ಎರಡು ಪುಟ, ನಡೆದದ್ದನ್ನು ನಡೆದ ಹಾಗೆ. ಇಷ್ಟು ಓದಿದವರು ಓದಿ ನೋಡಿದರೆ ಅರ್ಥವಾಗದೇ ಇರುತ್ತದೆಯೇ ಎಂದುಕೊಂಡಿದ್ದು ನನ್ನ ದಡ್ಡತನ. ತಮ್ಮ ಕಚೇರಿಯಿಂದ ನಾಲ್ಕು ಸಾಲಿನ ಉತ್ತರ ಬಂತು: ಪೂರ್ಣಾವಧಿ ವಿದ್ಯಾರ್ಥಿಯು ಉದ್ಯೋಗದಲ್ಲಿರುವುದು ನಿಯಮಬಾಹಿರ, ಅರ್ಜಿ ತಿರಸ್ಕೃತ, ಉದ್ಯೋಗದ ಬಗ್ಗೆ ಮಾಲೀಕರ ಪತ್ರ ತಂದೊಪ್ಪಿಸತಕ್ಕದ್ದು, ತಪ್ಪಿದಲ್ಲಿ ಪ್ರವೇಶವನ್ನೂ ರದ್ದುಪಡಿಸಲಾಗುವುದು.

ಪತ್ರ ಕೇಳಲು ಕಾಟಾದ ಮ್ಯಾನೇಜರ್ ಕೊಟ್ರಯ್ಯನವರ ಹತ್ತಿರ ಹೋದೆ. ಅವರು ತಲೆ ಎತ್ತದೆ ಹೇಳಿದರು: "ನಮ್ಮ ರಿಜಿಸ್ಟರ್‌ನಾಗ ನಿನ್ನ ಹೆಸರು ಎಲ್ಲೈತಿ ತೋರ್ಸು. ಕಾಗದದ ಮ್ಯಾಲೆ ನಮ್ಮ ಕಾಟಾ ರಾತ್ರಿ ನಡಿಯಂಗೇ ಇಲ್ಲ. ಬೇಕಂದ್ರ, ಇಲ್ಲಿ ಕೆಲಸಾನ ಮಾಡಿಲ್ಲ ಅಂತ ಬರ್ದು ಕೊಡ್ತೀನಿ." ಬರೆದು, ಸೀಲು ಒತ್ತಿ, ಕೈಗಿತ್ತರು. ಹೊರಡುವಾಗ, "ರಾತ್ರಿ ಜಲ್ದಿ ಬಾರಪಾ, ಲೋಡ್ ಭಾಳ ಅದಾವು" ಎಂದರು.

ಮಾನ್ಯರೇ, ಈಗ ನನ್ನ ಬಳಿ ಎರಡು ಕಾಗದಗಳಿವೆ. ಕೆಲಸ ಮಾಡಿದ್ದಕ್ಕೆ ನಾನು ತಪ್ಪಿತಸ್ಥ ಎನ್ನುತ್ತದೆ ತಮ್ಮದು. ಕೆಲಸವನ್ನೇ ಮಾಡಿಲ್ಲ ಎನ್ನುತ್ತದೆ ಅವರದು. ಎರಡಕ್ಕೂ ಸೀಲು ಇದೆ. ಅವರದನ್ನು ನಂಬಿದರೆ ನಿಯಮ ಮುರಿದ ಆರೋಪ ಬಿದ್ದುಹೋಗುತ್ತದೆ. ತಮ್ಮದೇ ನಿಜವಾದರೆ, ರಾತ್ರಿ ದುಡಿದು ಬೆಳಿಗ್ಗೆ ಓದಲು ಬಂದವನನ್ನು ತಾವು ಹೊರಗಿಟ್ಟು, ಸುಳ್ಳು ಬರೆಸಿದವರನ್ನು ಒಳಗೆ ಕೂರಿಸಿದ್ದೀರಿ. ಯಾವುದನ್ನು ಆರಿಸಿಕೊಳ್ಳುತ್ತೀರಿ? ಈ ಜಿಲ್ಲೆಯ ಅದಿರು ಚೀನಾದವರೆಗೆ ಹೋಗುತ್ತದೆ, ಅದನ್ನು ತೂಗಿದವನು ಹೊಸಪೇಟೆ ದಾಟುವಂತಿಲ್ಲವೇ?

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಸರ್ಟಿಫಿಕೇಟ್ ಬರೆಸ್ಕೊಂಡು ಬಾರಲೇ," ಅಂದ, ಉಸಿರು ಎಳೆದುಕೊಳ್ಳುತ್ತಾ. "ನಾ ಧೂಳು ಕುಡದದ್ದು ನೀ ಕಾಟಾದಾಗ ಕುಂದ್ರಲಿ ಅಂತ ಅಲ್ಲ." ನಿನ್ನೆ ವೈದ್ಯರೊಬ್ಬರ ಬಳಿ ಹೋದೆ. ಅವರು ನನ್ನ ಕಣ್ಣನ್ನಾಗಲಿ ನಾಲಿಗೆಯನ್ನಾಗಲಿ ನೋಡಲಿಲ್ಲ. "ಯಾವ ತಾರೀಖಿನಿಂದ ಯಾವ ತಾರೀಖಿನ ತನಕ?" ಎಂದಷ್ಟೇ ಕೇಳಿದರು. ಹೇಳಿದೆ. ಬರೆದರು. ಆ ಕಾಗದ ಈಗ ನನ್ನ ಚೀಲದಲ್ಲಿದೆ. ನನಗೆ ನಾಚಿಕೆಯಾಗುತ್ತಿದೆ.

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ, ನಾನು ಮೊದಲು ಕೊಟ್ಟ ಎರಡು ಪುಟದ ಅರ್ಜಿಯ ಮೇಲೆಯೇ ನನಗೆ ಹಾಲ್ ಟಿಕೆಟ್ ಕೊಡಿ. ಇಲ್ಲವಾದರೆ, ನಿಜ ಹೇಳಿದ್ದರಿಂದ ತಿರಸ್ಕರಿಸಲಾಗಿದೆ ಎಂದು ತಮ್ಮ ಕೈಯಾರೆ ಬರೆದು ಸೀಲು ಒತ್ತಿ ಕೊಡಿ. ಈ ಪತ್ರ ಅಚ್ಚಾದ ಮೇಲೆ ಕಾಟಾದವರು ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಚೀಲದಲ್ಲಿರುವ ಸರ್ಟಿಫಿಕೇಟೂ ಕೆಲಸಕ್ಕೆ ಬರುವುದಿಲ್ಲ. ಅದು ಕೆಲಸಕ್ಕೆ ಬರುವಂತಿದ್ದರೆ ಸೋಮವಾರ ಬೆಳಿಗ್ಗೆ ನಾನೂ ಕೊಟ್ಟುಬಿಡುತ್ತಿದ್ದೆ. ಆ ಹೆದರಿಕೆಗೇ ಇದನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ.

ಇಂತಿ,
ತರಗತಿಯಲ್ಲೂ ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ ಎಂದು ಎರಡು ಸೀಲುಗಳಿಂದ ದೃಢಪಟ್ಟಿರುವ,
ಸಿದ್ದಲಿಂಗೇಶ್
ಬಂಡ್ರಿ, ಜೂನ್ 2008